ಹುಳುಕಿಲ್ಲದ ಹಲ್ಲು ಉದುರಿದ್ದೇಕೆ: ಒಂದೇ ಮನೆಯ ಇಬ್ಬರು ಮಕ್ಕಳ ಪ್ರಕರಣ

ಕಾಸರಗೋಡು ಜಿಲ್ಲೆಯ ಬದಿಯಡ್ಕ–ಪೆರ್ಲ ಕಡೆಯ ಕೃಷಿಕ ಕುಟುಂಬವೊಂದು ಮೂರು ವರ್ಷದ ಗಂಡುಮಗುವಿನ ಹಲ್ಲುನೋವಿಗೆಂದು ಮಂಗಳೂರಿಗೆ ಬಂದಿತ್ತು. ಮಗುವಿನ ಮೇಲ್ದವಡೆಯ ಮುಂದಿನ ನಾಲ್ಕೂ ಹಲ್ಲು ಕಂದುಗಪ್ಪಾಗಿ, ಅರ್ಧಕ್ಕೆ ಮುರಿದಿದ್ದವು. ಜೊತೆಗೆ ಬಂದ ಅಕ್ಕನಿಗೆ ನಾಲ್ಕು ವರ್ಷ ಎಂಟು ತಿಂಗಳು. ಅವಳ ಹೆಸರಲ್ಲಿ ಚೀಟಿಯೇ ಮಾಡಿಸಿರಲಿಲ್ಲ. ಬಾಯಿ ತೆರೆದರೆ ಮುಂದಿನ ಹಲ್ಲುಗಳ ಜಾಗ ಹೆಚ್ಚುಕಡಿಮೆ ಖಾಲಿ. ಕೇಳಿದ್ದಕ್ಕೆ ಅಜ್ಜಿಯ ಉತ್ತರ ಸಿದ್ಧವಾಗಿತ್ತು: "ಅವಳದ್ದು ಬಿದ್ದೇ ಆಯ್ತು ಡಾಕ್ಟ್ರೇ. ನಮ್ಮ ಕುಟುಂಬದ ಹಲ್ಲೇ ಹಾಗೆ. ಇವನದ್ದಾದರೂ ಎಂತಾದರೂ ಮಾಡ್ಲಿಕ್ಕೆ ಉಂಟಾ ನೋಡಿ."

ಅಜ್ಜಿಯ ಮಾತು ಒಂದು ಮಗುವಿನ ಮಟ್ಟಿಗೆ ಅಕ್ಷರಶಃ ನಿಜ, ಇನ್ನೊಂದರ ಮಟ್ಟಿಗೆ ಬಹುಪಾಲು ತಪ್ಪು. ಈ ಪ್ರಕರಣವನ್ನು ವಿವರವಾಗಿ ಬರೆಯಲು ಅದೇ ಕಾರಣ. ಹಲ್ಲು ಹುಳುಕಾಗುವುದಕ್ಕೂ ವಸಡು ಕೆಟ್ಟು ಹಲ್ಲು ಅಲುಗುವುದಕ್ಕೂ ನಮ್ಮಲ್ಲಿ "ವಂಶದ ಹಲ್ಲು" ಎಂಬ ಒಂದೇ ಹೆಸರು. ಜೀನ್‌ಗಳು ಈ ಎರಡರಲ್ಲಿ ಕೆಲಸ ಮಾಡುವ ರೀತಿ ಬೇರೆ ಬೇರೆ.

ಅಕ್ಕನ ಬಾಯಿಯಲ್ಲಿ ಕಂಡದ್ದು

ಇಪ್ಪತ್ತು ಹಾಲುಹಲ್ಲುಗಳಲ್ಲಿ ಏಳು ಉದುರಿದ್ದವು: ಕೆಳಗಿನ ನಾಲ್ಕು ಬಾಚಿಹಲ್ಲು, ಮೇಲಿನ ನಡುವಿನ ಎರಡು, ಅದರ ಪಕ್ಕದ್ದೊಂದು. ಮೊದಲನೆಯದು ಬಿದ್ದಾಗ ಮಗುವಿಗೆ ಮೂರು ತುಂಬಿ ಸ್ವಲ್ಪ ದಿನವಾಗಿತ್ತಷ್ಟೆ. ಉಳಿದ ಹದಿಮೂರರಲ್ಲಿ ಒಂದಕ್ಕೂ ಹುಳುಕಿಲ್ಲ. ಎನಾಮಲ್ ಬಿಳಿಯಾಗಿ, ನುಣುಪಾಗಿತ್ತು. ಆದರೆ ವಸಡು ಗಾಢ ಕೆಂಪು, ಊದಿ ಹಲ್ಲಿನ ಅಂಚಿನಿಂದ ಬಿಟ್ಟುಕೊಂಡಿತ್ತು. ಬೆರಳಲ್ಲಿ ಒತ್ತಿದರೆ ಕೀವು, ಮುಟ್ಟಿದರೆ ರಕ್ತ. ಅಳತೆಕಡ್ಡಿ ಇಳಿಸಿದಾಗ ವಸಡಿನ ಸಂದು 6ರಿಂದ 9 ಮಿಲಿಮೀಟರ್ ಆಳ ತೋರಿಸಿತು. ಆರೋಗ್ಯವಂತ ಮಗುವಿನಲ್ಲಿ ಇದು 3 ಮಿ.ಮೀ. ದಾಟುವುದಿಲ್ಲ. ಅನ್ನ ಅಗಿಯಲು ನೋವಾಗುತ್ತದೆಂದು ಮಗು ಆರು ತಿಂಗಳಿಂದ ಗಂಜಿಯಲ್ಲೇ ಇತ್ತು. ತೂಕ 15 ಕಿಲೋ.

ಹಿಂದೆ ತೋರಿಸಿದ್ದಾಗ "ಹಾಲುಹಲ್ಲಲ್ವಾ, ಸ್ವಲ್ಪ ಬೇಗ ಬಿದ್ದಿದೆ, ಹೊಸತು ಬರ್ತದೆ" ಎಂಬ ಸಮಾಧಾನ ಸಿಕ್ಕಿತ್ತು. ಜೊತೆಗೆ ಕ್ಯಾಲ್ಸಿಯಂ ಸಿರಪ್ಪು, ವಿಟಮಿನ್ ಸಿ ಮಾತ್ರೆ. ಹಾಲುಹಲ್ಲು ತಾನಾಗಿ ಬೀಳುವ ಕ್ರಮ ಗೊತ್ತಿದ್ದರೆ ಈ ಸಮಾಧಾನ ನಿಲ್ಲುವುದಿಲ್ಲ. ಕೆಳಗಿನ ನಡುವಿನ ಬಾಚಿಹಲ್ಲು ಬೀಳುವುದು ಆರು–ಏಳು ವರ್ಷಕ್ಕೆ. ಅಡಿಯಿಂದ ಶಾಶ್ವತ ಹಲ್ಲು ಮೇಲೇರುತ್ತ ಹಾಲುಹಲ್ಲಿನ ಬೇರನ್ನು ಕರಗಿಸುತ್ತದೆ. ಹಾಗಾಗಿ ಸಹಜವಾಗಿ ಬಿದ್ದ ಹಲ್ಲಿಗೆ ಬೇರೇ ಇರುವುದಿಲ್ಲ, ಟೊಪ್ಪಿಯಂಥ ತಲೆ ಮಾತ್ರ. ಈ ಮಗುವಿನ ಮೊದಲ ಆರು ಹಲ್ಲನ್ನು ಅಜ್ಜಿ ಪದ್ಧತಿಯಂತೆ ಸಗಣಿಯಲ್ಲಿ ಸುತ್ತಿ ಮನೆಯ ಮಾಡಿಗೆ (ಸೂರಿಗೆ) ಎಸೆದಿದ್ದರು. ಏಳನೆಯದು ಬಿದ್ದು ಎರಡೇ ದಿನವಾಗಿದ್ದರಿಂದ ಕಾಗದದ ಚೂರಿನಲ್ಲಿ ಅಮ್ಮನ ಚೀಲದಲ್ಲೇ ಇತ್ತು. ಬಿಡಿಸಿ ನೋಡಿದರೆ ಬೇರು ಪೂರ್ತಿ ಉದ್ದಕ್ಕೆ ಉಳಿದಿತ್ತು, ತುದಿಯೂ ಸವೆದಿರಲಿಲ್ಲ. ಹಿಡಿದುಕೊಂಡಿರಬೇಕಾದ ಎಲುಬು ಕರಗಿ, ಹಲ್ಲು ಇಡಿಯಾಗಿ ಕಳಚಿ ಬಂದಿದೆ ಎಂದು ಇದರರ್ಥ. ಐದು ವರ್ಷದೊಳಗೆ, ಬಿದ್ದು ಪೆಟ್ಟಾಗದೆ ಹಲ್ಲು ಉದುರಿದರೆ, ಆ ಹಲ್ಲನ್ನು ಎಸೆಯದೆ ವೈದ್ಯರಿಗೆ ತೋರಿಸಬೇಕು. ಮಾಡಿಗೆ ಆಮೇಲೂ ಎಸೆಯಬಹುದು.

ಎಕ್ಸ್‌ರೇಯಲ್ಲಿ ಹಿಂದಿನ ದವಡೆಹಲ್ಲುಗಳ ಸುತ್ತ ಎಲುಬೇ ಕಾಣದೆ, ಹಲ್ಲುಗಳು ಗಾಳಿಯಲ್ಲಿ ತೇಲುವಂತಿದ್ದವು. ಅಡಿಯಲ್ಲಿ ಶಾಶ್ವತ ಹಲ್ಲಿನ ಮೊಗ್ಗುಗಳು ಮಾತ್ರ ಸರಿಯಾದ ಜಾಗದಲ್ಲಿ, ಸರಿಯಾದ ಬೆಳವಣಿಗೆಯಲ್ಲಿದ್ದವು.

ಅಂಗೈ, ಅಂಗಾಲು

ಇಷ್ಟರ ಮೇಲೆ ಮಗುವಿನ ಚಪ್ಪಲಿ ಬಿಚ್ಚಿಸಲಾಯಿತು. ಅಂಗಾಲಿನ ಚರ್ಮ ಹಳದಿಗೆ ತಿರುಗಿ ದಪ್ಪಗಟ್ಟಿ, ಹಿಮ್ಮಡಿಯಲ್ಲಿ ಬಿರುಕು ಬಿಟ್ಟಿತ್ತು. ದಪ್ಪ ಚರ್ಮ ಅಂಗಾಲಿನ ಅಂಚು ದಾಟಿ ಹಿಮ್ಮಡಿಯ ಹಿಂದಕ್ಕೂ ಹತ್ತಿತ್ತು. ಅಂಗೈ ಒರಟು, ಮೊಣಕಾಲಿನ ಮೇಲೆ ಕೆಂಪು ಹೊಪ್ಪಳೆ. ಒಂದು ವರ್ಷದ ಮಗುವಾಗಿದ್ದಾಗಲೇ ಶುರುವಾದದ್ದು ಎಂದರು ಅಮ್ಮ. ಅದಕ್ಕೆ ಬೇರೆ ವೈದ್ಯರು, ಬೇರೆ ಕಡತ: ಒಮ್ಮೆ ಇಸಬು, ಇನ್ನೊಮ್ಮೆ ಸೋರಿಯಾಸಿಸ್. ಚರ್ಮದವರು ಬಾಯಿ ನೋಡಿರಲಿಲ್ಲ, ಹಲ್ಲಿನವರು ಕಾಲು ನೋಡಿರಲಿಲ್ಲ. ಎರಡು ಕಡತವೂ ಒಂದೇ ಮೇಜಿನ ಮೇಲೆ ಬಂದಿದ್ದರೆ ಮೂರನೇ ವರ್ಷದಲ್ಲೇ ರೋಗದ ಹೆಸರು ಸಿಗುತ್ತಿತ್ತು.

ಅಂಗೈ–ಅಂಗಾಲಿನ ದಪ್ಪ ಚರ್ಮ ಮತ್ತು ಹಾಲುಹಲ್ಲಿನ ಕಾಲದಲ್ಲೇ ಉಗ್ರ ವಸಡುರೋಗ ಜೊತೆಯಾದರೆ ಮೊದಲು ನೆನಪಾಗಬೇಕಾದ್ದು ಪ್ಯಾಪಿಯೋಂ–ಲೆಫೆವ್ರ್ ಸಿಂಡ್ರೋಮ್. ಇಬ್ಬರು ಫ್ರೆಂಚ್ ವೈದ್ಯರು 1924ರಲ್ಲಿ ವಿವರಿಸಿದ ಕಾಯಿಲೆ. ಹತ್ತು ಲಕ್ಷದಲ್ಲಿ ಒಬ್ಬರಿಂದ ನಾಲ್ವರಿಗೆ ಬರುವಷ್ಟು ಅಪರೂಪ. ಕಾರಣವಾದ ಜೀನ್ ಪತ್ತೆಯಾದದ್ದು 1999ರಲ್ಲಿ: 11ನೇ ವರ್ಣತಂತುವಿನ ಮೇಲಿರುವ ಸಿಟಿಎಸ್‌ಸಿ. ಇದು ಕ್ಯಾಥೆಪ್ಸಿನ್ ಸಿ ಎಂಬ ಕಿಣ್ವವನ್ನು ತಯಾರಿಸುವ ಜೀನ್. ನಂಜಿನ ವಿರುದ್ಧ ಹೋರಾಡುವ ಬಿಳಿರಕ್ತಕಣಗಳೊಳಗೆ ಬ್ಯಾಕ್ಟೀರಿಯಾ ಕೊಲ್ಲುವ ಕಿಣ್ವಗಳು ನಿಷ್ಕ್ರಿಯ ರೂಪದಲ್ಲಿರುತ್ತವೆ. ಅವನ್ನು ಚುರುಕುಗೊಳಿಸುವುದು ಕ್ಯಾಥೆಪ್ಸಿನ್ ಸಿ. ಅದಿಲ್ಲದಿದ್ದರೆ ರಕ್ತಪರೀಕ್ಷೆಯಲ್ಲಿ ಕಣಗಳ ಸಂಖ್ಯೆ ಸರಿಯಾಗೇ ಇರುತ್ತದೆ, ಆದರೆ ಕಣಗಳ ಕೈಯಲ್ಲಿ ಆಯುಧವಿರುವುದಿಲ್ಲ. ವಸಡಿನ ಸಂದಿನಲ್ಲಿ ಕೂತ ಬ್ಯಾಕ್ಟೀರಿಯಾ ಅಳಿಯುವುದಿಲ್ಲ, ದೇಹ ಮತ್ತೆ ಮತ್ತೆ ಕಣಗಳನ್ನು ಕಳಿಸುತ್ತದೆ, ಉರಿಯೂತ ಆರುವುದೇ ಇಲ್ಲ. ಆ ಉರಿಯೂತವೇ ಎಲುಬನ್ನು ಕರಗಿಸುತ್ತದೆ.

ಇದೇ ಜೀನ್‌ನ ಇನ್ನೊಂದು ಬಗೆಯ ದೋಷದಿಂದ ಬರುವ ಹೈಮ್–ಮಂಕ್ ಸಿಂಡ್ರೋಮ್ ಮೊದಲು ಗುರುತಾದದ್ದು ಕೇರಳದ ಕೊಚ್ಚಿ ಮೂಲದ ಯಹೂದಿ ಕುಟುಂಬಗಳಲ್ಲಿ. ಅದರಲ್ಲಿ ಬೆರಳುಗಳು ನೀಳವಾಗಿ, ಉಗುರು ಕೊಕ್ಕೆಯಂತೆ ಬಾಗಿರುತ್ತವೆ. ಈ ಮಗುವಿನ ಬೆರಳು, ಉಗುರು ಸಹಜವಾಗಿದ್ದವು.

ಬೇರೆ ಕಾರಣಗಳನ್ನು ಬದಿಗಿಟ್ಟದ್ದು ಹೇಗೆ

ಪುಟ್ಟ ಮಕ್ಕಳ ಹಲ್ಲು ಹುಳುಕಿಲ್ಲದೆ ಉದುರಲು ಇತರ ಕಾರಣಗಳೂ ಉಂಟು, ಕೆಲವು ಪ್ರಾಣಕ್ಕೆ ಎರವಾಗುವಂಥವು. ಬಿಳಿರಕ್ತಕಣಗಳ ವಿಂಗಡಿತ ಎಣಿಕೆ ಮತ್ತು ರಕ್ತಲೇಪ ಪರೀಕ್ಷೆಯಿಂದ ರಕ್ತದ ಕ್ಯಾನ್ಸರ್ ಮತ್ತು ಸದಾಕಾಲದ ಕಣಕೊರತೆ ಇಲ್ಲವೆಂದು ಖಚಿತವಾಯಿತು. ಸುಮಾರು 21 ದಿನಕ್ಕೊಮ್ಮೆ ಕಣಗಳು ಇಳಿಯುವ ಇನ್ನೊಂದು ಆನುವಂಶಿಕ ಕಾಯಿಲೆಯಿದೆ. ಅದು ಒಂದೇ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳಬಹುದು. ವಾರಕ್ಕೆರಡು ಬಾರಿಯಂತೆ ಆರು ವಾರ ರಕ್ತ ನೋಡಬೇಕಾಗುತ್ತದೆ. ಈ ಮಗುವಿಗೆ ಆವರ್ತಿಸುವ ಜ್ವರವಾಗಲಿ ಬಾಯಿಹುಣ್ಣಾಗಲಿ ಇರಲಿಲ್ಲವಾದ್ದರಿಂದ, ಅಂಗಾಲಿನ ಸುಳಿವು ಅಷ್ಟು ಸ್ಪಷ್ಟವಿದ್ದುದರಿಂದ, ಆ ದಾರಿ ಹಿಡಿಯಲಿಲ್ಲ.

ಒಂದು ಕಡೆ ಎಡವುವವರು ಹೆಚ್ಚು. ಹೈಪೋಫಾಸ್ಫಟೇಸಿಯಾ ಎಂಬ ಕಾಯಿಲೆಯಲ್ಲೂ ಹಲ್ಲು ಬೇರುಸಹಿತ ಕಳಚುತ್ತದೆ. ಅಲ್ಲಿ ಬೇರಿನ ಹೊರಪದರವೇ ಸರಿಯಾಗಿ ಬೆಳೆದಿರುವುದಿಲ್ಲ. ವಸಡು ಅಷ್ಟಾಗಿ ಊದಿಕೊಂಡಿರುವುದೂ ಇಲ್ಲ. ಅದನ್ನು ಹಿಡಿಯುವುದು ರಕ್ತದ ಆಲ್ಕಲೈನ್ ಫಾಸ್ಫಟೇಸ್ ಮಟ್ಟ ಕಡಿಮೆಯಿದೆಯೇ ಎಂದು ನೋಡಿ. ಹಲವು ಲ್ಯಾಬ್‌ಗಳ ವರದಿಯಲ್ಲಿ ಪಕ್ಕಕ್ಕೆ ಅಚ್ಚಾಗಿರುವುದು ದೊಡ್ಡವರ ಮಿತಿ. ಎಲುಬು ಬೆಳೆಯುತ್ತಿರುವ ನಾಲ್ಕು ವರ್ಷದ ಮಗುವಿನಲ್ಲಿ ಈ ಅಂಕಿ ದೊಡ್ಡವರಿಗಿಂತ ತುಂಬ ಮೇಲಿರಬೇಕು. ಮಗುವಿಗೆ 60 ಬಂದರೆ ವರದಿಯಲ್ಲಿ "ನಾರ್ಮಲ್" ಎಂದಿರುತ್ತದೆ, ನಿಜದಲ್ಲಿ ಅದು ಅಪಾಯದ ಗುರುತು. ಈ ಮಗುವಿನದು ವಯಸ್ಸಿಗೆ ತಕ್ಕಷ್ಟಿತ್ತು.

ಕೊನೆಗೆ ಮಗು ಮತ್ತು ತಂದೆತಾಯಿಯರ ತಲಾ 2–3 ಮಿ.ಲೀ. ರಕ್ತವನ್ನು ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಇರುವ ನಳಿಕೆಯಲ್ಲಿ ಜೀನ್ ಪರೀಕ್ಷೆಗೆ ಕಳಿಸಲಾಯಿತು. ಕೆಲವು ವಾರಗಳ ಮೇಲೆ ಬಂದ ಫಲಿತಾಂಶ ನೇರವಾಗಿತ್ತು: ಮಗುವಿನ ಸಿಟಿಎಸ್‌ಸಿ ಜೀನ್‌ನ ಎರಡು ಪ್ರತಿಗಳಲ್ಲೂ ಒಂದೇ ದೋಷ, ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ಪ್ರತಿಯಲ್ಲಿ ಅದೇ ದೋಷ. ಎರಡೂ ಪ್ರತಿ ಕೆಟ್ಟರೆ ಮಾತ್ರ ಈ ರೋಗ ಬರುತ್ತದೆ.

ವಂಶವೃಕ್ಷ

ಈ ಮನೆಯಲ್ಲಿ ಅಮ್ಮನಿಗೆ ಅತ್ತೆಯೇ ಸೋದರತ್ತೆ. ಅಂದರೆ ಮಕ್ಕಳ ತಂದೆಯ ತಾಯಿ ಮತ್ತು ತಾಯಿಯ ತಂದೆ ಒಡಹುಟ್ಟಿದವರು. ಅತ್ತೆ ಮಗ–ಮಾವನ ಮಗಳ ನಡುವಿನ ಮದುವೆ ಗಡಿನಾಡಿನಲ್ಲಿ ಹೊಸತೇನಲ್ಲ. ಇಂಥ ಜೋಡಿ ಸರಾಸರಿ ಎಂಟನೇ ಒಂದರಷ್ಟು ಜೀನ್‌ಗಳನ್ನು ಸಮಾನವಾಗಿ ಹಂಚಿಕೊಂಡಿರುತ್ತದೆ. ಅವರ ಮಗುವಿನಲ್ಲಿ ಯಾವುದೇ ಒಂದು ಜೀನ್‌ನ ಎರಡೂ ಪ್ರತಿ ಒಬ್ಬನೇ ಪೂರ್ವಜನಿಂದ ಬಂದಿರುವ ಸಾಧ್ಯತೆ ಹದಿನಾರರಲ್ಲಿ ಒಂದು. ಹೊರಗಿನ ಸಂಬಂಧದಲ್ಲಿ ಮದುವೆಯಾದರೆ ಇಷ್ಟು ಅಪರೂಪದ ದೋಷ ಎರಡೂ ಕಡೆಯಿಂದ ಬಂದು ಕೂಡುವುದು ಬಹಳ ಕಷ್ಟ.

ಮೂರು ತಲೆಮಾರು ಬರೆಸಿಕೊಳ್ಳುವಾಗ ಅಜ್ಜಿ ತಮ್ಮ ಕಿರಿಯ ತಮ್ಮನ ಸುದ್ದಿ ತೆಗೆದರು. "ಅವನಿಗೆ ಮೀಸೆ ಚಿಗುರುವಾಗಲೇ ಬೊಚ್ಚುಬಾಯಿ. ಕಾಲು ಒಡೆದು ತೋಟಕ್ಕೆ ಇಳೀಲಿಕ್ಕೆ ಆಗ್ತಿರಲಿಲ್ಲ." ಐವತ್ತು ವರ್ಷ ಹಿಂದಿನ ಈ ಎರಡು ವಾಕ್ಯ ರೋಗನಿರ್ಣಯಕ್ಕೆ ಎಕ್ಸ್‌ರೇಯಷ್ಟೇ ತೂಕದವು. ಆತನಿಗೆ ಮಕ್ಕಳಿರಲಿಲ್ಲ. ಆದರೆ ಒಂದೊಂದೇ ಪ್ರತಿ ಹೊತ್ತ ಒಡಹುಟ್ಟಿದವರ ಮೂಲಕ, ಯಾರಲ್ಲೂ ತೋರಿಕೊಳ್ಳದೆ, ದೋಷ ಎರಡು ತಲೆಮಾರು ಇಳಿದು ಬಂದಿತ್ತು.

ತಂದೆ ಕೇಳಿದ ಮೊದಲ ಪ್ರಶ್ನೆ ಎಂಡೋಸಲ್ಫಾನ್ ಎಂಬ ಕೀಟನಾಶಕದ ಬಗ್ಗೆ. ಪೆರ್ಲ ಸೇರಿದ ಎಣ್ಮಕಜೆ ಪಂಚಾಯಿತಿಯ ಸುತ್ತಮುತ್ತ ಮಗುವಿಗೆ ಏನೇ ಆದರೂ ಆ ಪ್ರಶ್ನೆ ಬರುತ್ತದೆ, ಬರಲೇಬೇಕು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ 2000ದವರೆಗೆ ಸುರಿದ ವಿಷದ ಫಲ ಉಂಡ ಊರು ಅದು. ಈ ಕಾಯಿಲೆಯ ಮಟ್ಟಿಗೆ ಅದು ಕಾರಣವಲ್ಲ ಎಂಬುದೇ ಉತ್ತರ. ತಂದೆತಾಯಿ ಇಬ್ಬರಲ್ಲೂ ಒಂದೇ ಜಾಗದಲ್ಲಿ ಒಂದೇ ದೋಷ ಇರುವುದು ಸಮಾನ ಪೂರ್ವಜರನ್ನು ತೋರಿಸುತ್ತದೆ. ಮೇಲಾಗಿ ಅಜ್ಜಿಯ ತಮ್ಮನ ಹಲ್ಲು ಉದುರಿದ್ದು ಸಿಂಪಡಣೆ ಊರಿಗೆ ಬರುವ ಮೊದಲು.

ಹದಿಮೂರೂ ಹಲ್ಲು ತೆಗೆಯುವ ನಿರ್ಧಾರ

ಪೋಷಕರಿಗೆ ಒಪ್ಪಿಸಲು ಅತಿ ಕಷ್ಟವಾದದ್ದು ಇದು. ನೋಡಲು ಚೆನ್ನಾಗಿರುವ, ಹುಳುಕೇ ಇಲ್ಲದ ಹಲ್ಲನ್ನು ಏಕೆ ಕೀಳಬೇಕು? ಏಕೆಂದರೆ ರೋಗ ಇರುವುದು ಹಲ್ಲಿನ ಸುತ್ತಲಿನ ಆಳ ಸಂದುಗಳಲ್ಲಿ. ಅಲ್ಲಿ ಮನೆಮಾಡಿದ ಬ್ಯಾಕ್ಟೀರಿಯಾ, ಮುಖ್ಯವಾಗಿ ಅಗ್ರಿಗ್ಯಾಟಿಬ್ಯಾಕ್ಟರ್, ಆರನೇ ವರ್ಷಕ್ಕೆ ಹುಟ್ಟುವ ಶಾಶ್ವತ ದವಡೆಹಲ್ಲಿಗೆ ನೇರವಾಗಿ ದಾಟುತ್ತದೆ. ಹಲ್ಲೇ ಇಲ್ಲದಿದ್ದರೆ ಸಂದೂ ಇಲ್ಲ, ವಸಡು ತಾನಾಗಿ ಗುಣವಾಗುತ್ತದೆ. ಶಾಶ್ವತ ಹಲ್ಲು ಹುಟ್ಟುವ ಮೊದಲು ಕನಿಷ್ಠ ಆರು ತಿಂಗಳು ಬಾಯಿ ಖಾಲಿಯಿರಬೇಕು. ಈ ಮಗುವಿಗೆ ಸುಮಾರು ಒಂದು ವರ್ಷದ ಅವಕಾಶವಿತ್ತು. ಐದೂವರೆ ದಾಟಿ ಬಂದಿದ್ದರೆ ಆ ಅವಕಾಶ ಕೈತಪ್ಪುತ್ತಿತ್ತು.

ಮಕ್ಕಳ ಅರಿವಳಿಕೆ ತಜ್ಞರ ನೆರವಿನಿಂದ ಪೂರ್ಣ ಅರಿವಳಿಕೆಯಲ್ಲಿ ಒಂದೇ ಸಲಕ್ಕೆ ಎಲ್ಲವನ್ನೂ ತೆಗೆಯಲಾಯಿತು. ಅಮಾಕ್ಸಿಸಿಲಿನ್ 125 ಮಿ.ಗ್ರಾಂ ಮತ್ತು ಮೆಟ್ರೋನಿಡಜೋಲ್ 100 ಮಿ.ಗ್ರಾಂ, ದಿನಕ್ಕೆ ಮೂರು ಸಲ, ಹತ್ತು ದಿನ. ಇದು 15 ಕಿಲೋ ತೂಕಕ್ಕೆ ಲೆಕ್ಕ ಹಾಕಿದ ಪ್ರಮಾಣ, ಬೇರೆ ಮಗುವಿಗೆ ಹೊಂದುವುದಿಲ್ಲ. ಮೂರು ವಾರದಲ್ಲಿ ವಸಡು ತೆಳುಗೆಂಪಾಗಿ, ಗಟ್ಟಿಯಾಗಿ ಕೂತಿತು. ಮಗು ಅನ್ನ ತಿನ್ನತೊಡಗಿತು. ಹಲ್ಲಿದ್ದಾಗ ಆಗದಿದ್ದದ್ದು ಹಲ್ಲಿಲ್ಲದಾಗ ಆಯಿತು.

ಐದು ತುಂಬಿದಾಗ ಅಕ್ರಿಲಿಕ್‌ನ ಪುಟ್ಟ ಹಲ್ಲುಸೆಟ್ಟು ಕೊಡಲಾಯಿತು. ದವಡೆ ಬೆಳೆಯುತ್ತಿರುವುದರಿಂದ ಎಂಟು ತಿಂಗಳಿಗೆ ಅದು ಬಿಗಿಯಾಯಿತು, ಹೊಸತು ಮಾಡಬೇಕಾಯಿತು. ಶಾಶ್ವತ ಹಲ್ಲು ಮೂಡುವ ಜಾಗದಲ್ಲಿ ಸೆಟ್ಟಿನ ಅಂಚನ್ನು ಆಗಾಗ ಕೊರೆದು ದಾರಿ ಬಿಡಬೇಕು. ರಾತ್ರಿ ಬಿಚ್ಚಿ ನೀರಲ್ಲಿಡಬೇಕು.

ಆರನೇ ವರ್ಷದಲ್ಲಿ ಕೆಳಗಿನ ದವಡೆಹಲ್ಲು ತಲೆ ತೋರಿಸಿದ ವಾರದಿಂದ ತಿಂಗಳಿಗೊಮ್ಮೆ ತಪಾಸಣೆ ಮತ್ತು ಹಲ್ಲು ಶುಚಿ. ಮನೆಯಲ್ಲಿ 0.2 ಶೇಕಡ ಕ್ಲೋರ್‌ಹೆಕ್ಸಿಡಿನ್ ದ್ರಾವಣದಲ್ಲಿ ಗಾಜ್ ಬಟ್ಟೆ ಅದ್ದಿ ದಿನಕ್ಕೆರಡು ಸಲ ವಸಡಿನ ಅಂಚು ಒರೆಸುವುದು. ನುಂಗದೆ ಉಗುಳಲು ಬಂದ ಮೇಲೆ ಮುಕ್ಕಳಿಸುವುದು. ಇಲ್ಲಿ ಎರಡು ತೊಡಕು ಎದುರಾದವು. ಪೇಸ್ಟಿನಲ್ಲಿ ಉಜ್ಜಿದ ಬೆನ್ನಿಗೇ ಇದನ್ನು ಬಳಸಿದರೆ ಪೇಸ್ಟಿನ ನೊರೆಪದಾರ್ಥ ಔಷಧಿಯ ಬಲ ಕುಂದಿಸುತ್ತದೆ, ನಡುವೆ ಅರ್ಧ ಗಂಟೆ ಬಿಡಬೇಕು. ಮತ್ತೆ, ಇದು ಹಲ್ಲಿಗೆ ಕಂದು ಕಲೆ ಹಿಡಿಸುತ್ತದೆ. ಹೊಸ ಹಲ್ಲಿಗೆ ಕಲೆ ಕಂಡು ಅಜ್ಜಿ "ಮತ್ತೆ ಹಾಳಾಗ್ತಾ ಉಂಟು" ಎಂದು ಸೀಸೆಯನ್ನೇ ಮೂಲೆಗಿಟ್ಟರು. ಜೋರು ಮಳೆಗಾಲದಲ್ಲಿ ಎರಡು ತಪಾಸಣೆಯೂ ತಪ್ಪಿದವು. ಮತ್ತೆ ಬಂದಾಗ ಕೆಳಗಿನ ಎಡ ದವಡೆಹಲ್ಲಿನ ಸಂದು 6 ಮಿ.ಮೀ. ಇತ್ತು. ಆಳವಾಗಿ ಶುಚಿಗೊಳಿಸಿ, ಪ್ರತಿಜೀವಕದ ಇನ್ನೊಂದು ಸುತ್ತು ಕೊಟ್ಟ ಮೇಲೆ 4ಕ್ಕೆ ಇಳಿಯಿತು. ಕಲೆ ಪಾಲಿಶ್‌ನಿಂದ ಹೋಗುತ್ತದೆ, ಕರಗಿದ ಎಲುಬು ಬರುವುದಿಲ್ಲ ಎಂದು ಮೊದಲ ದಿನವೇ ಅಜ್ಜಿಯನ್ನೇ ಕೂರಿಸಿ ಹೇಳಬೇಕಿತ್ತು. ಮನೆಯಲ್ಲಿ ಔಷಧಿ ನೋಡಿಕೊಳ್ಳುತ್ತಿದ್ದವರು ಅವರೇ.

ಚರ್ಮಕ್ಕೆ ಯೂರಿಯಾ ಮುಲಾಮು, ಸ್ನಾನದ ನಂತರ ತೇವವಿರುವಾಗಲೇ. ಮಳೆಗಾಲದಲ್ಲಿ ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ಓಡಾಡಿದರೆ ಬಿರುಕಿಗೆ ನಂಜೇರುತ್ತದೆ. 18 ಕಿಲೋ ತೂಗಿದಾಗ ಚರ್ಮತಜ್ಞರು ದಪ್ಪ ಚರ್ಮ ಇಳಿಸುವ ಅಸಿಟ್ರೆಟಿನ್ ಎಂಬ ಔಷಧಿ ದಿನಕ್ಕೆ 10 ಮಿ.ಗ್ರಾಂ ಆರಂಭಿಸಿದರು, ಅಂದರೆ ಕಿಲೋಗೆ ಸುಮಾರು ಅರ್ಧ ಮಿ.ಗ್ರಾಂ. ಅಂಗಾಲಿಗೆ ಇದು ಚೆನ್ನಾಗಿ ಹಿಡಿಯಿತು. ವಸಡಿಗೂ ಸಹಾಯವಾಗುತ್ತದೆ ಎಂದು ಕೆಲವು ವರದಿಗಳಿವೆ, ಎಲ್ಲರಲ್ಲೂ ಅಲ್ಲ. ಯಕೃತ್ತಿನ (ಲಿವರ್) ಕಿಣ್ವ, ರಕ್ತದ ಕೊಬ್ಬು, ಎತ್ತರದ ಬೆಳವಣಿಗೆ ನೋಡುತ್ತಿರಬೇಕು. ಈ ಔಷಧಿ ನಿಲ್ಲಿಸಿ ಮೂರು ವರ್ಷದವರೆಗೂ ಗರ್ಭ ಧರಿಸುವಂತಿಲ್ಲ, ಹಾಗಾಗಿ ಹುಡುಗಿ ದೊಡ್ಡವಳಾಗುವ ಮೊದಲೇ ಮುಂದುವರಿಸಬೇಕೇ ಎಂದು ನಿರ್ಧರಿಸಲು ಕಡತದ ಮುಖಪುಟದಲ್ಲೇ ಬರೆದಿದೆ. ಇನ್ನೊಂದು ಎಚ್ಚರಿಕೆ: ಈ ಮಕ್ಕಳಲ್ಲಿ ಯಕೃತ್ತಿನಲ್ಲಿ ಕೀವು ತುಂಬುವುದುಂಟು. ಕಾರಣ ಸಿಗದ ಜ್ವರ ಹಿಡಿದರೆ ಹೊಟ್ಟೆಯ ಸ್ಕ್ಯಾನ್ ಮಾಡಿಸದೆ ಬಿಡಬಾರದು.

ತಮ್ಮನ ಹುಳುಕು

ಹುಡುಗನ ಅಂಗೈ, ಅಂಗಾಲು ಮೃದು. ವಸಡಿನ ಸಂದು 2 ಮಿ.ಮೀ. ಹಲ್ಲು ಒಂದೂ ಅಲುಗುತ್ತಿರಲಿಲ್ಲ. ಎಂಟು ಹಲ್ಲಿಗೆ ಹುಳುಕು: ಮೇಲಿನ ನಾಲ್ಕು ಬಾಚಿಹಲ್ಲು, ನಾಲ್ಕು ಮೊದಲ ದವಡೆಹಲ್ಲು. ಕೆಳಗಿನ ಬಾಚಿಹಲ್ಲು ಶುಭ್ರ. ಇದು ರಾತ್ರಿ ಬಾಟಲಿಯ ಸಹಿ: ಮಲಗಿ ಕುಡಿಯುವಾಗ ಕೆಳಗಿನ ಹಲ್ಲನ್ನು ನಾಲಗೆ ಮುಚ್ಚಿರುತ್ತದೆ, ಜೊಲ್ಲು ತೊಳೆಯುತ್ತದೆ, ಮೇಲಿನದಕ್ಕೆ ಆ ರಕ್ಷಣೆ ಇಲ್ಲ.

ಹುಳುಕಿಗೆ ಜೀನ್‌ಗಳ ಪಾಲು ಇಲ್ಲವೇ ಇಲ್ಲ ಎಂದಲ್ಲ. ಎನಾಮಲ್ ಎಷ್ಟು ಗಟ್ಟಿ, ಜೊಲ್ಲಿನ ಗುಣ ಎಂಥದು, ಸಿಹಿ ಎಷ್ಟು ರುಚಿಸುತ್ತದೆ ಎಂಬುದಕ್ಕೆಲ್ಲ ಹತ್ತಾರು ಜೀನ್‌ಗಳು ಚೂರುಚೂರು ಪ್ರಭಾವ ಬೀರುತ್ತವೆ. ಸಿಟಿಎಸ್‌ಸಿಯಂತೆ ಒಂದೇ ಜೀನ್ ಕೆಟ್ಟು ಹುಳುಕು ಬರುವುದಿಲ್ಲ. ಐದರಿಂದ ಹನ್ನೊಂದು ವರ್ಷದ 485 ಅವಳಿ ಮಕ್ಕಳ ಹಲ್ಲಿನ ಪಾಚಿಯನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, ವಂಶದಿಂದ ಬರುವ ಬ್ಯಾಕ್ಟೀರಿಯಾಗಳಿಗೂ ಹುಳುಕಿಗೂ ನಂಟು ಕಾಣಲಿಲ್ಲ ಎಂದಿತು. ಹುಳುಕಿನ ಜೊತೆಗಿದ್ದವು ವಂಶದಿಂದ ಬಾರದ, ಸಕ್ಕರೆ ಬೆಳೆಸುವ ಬ್ಯಾಕ್ಟೀರಿಯಾಗಳು.

ಮನೆಯ ದಿನಚರಿ ಬರೆಸಿದಾಗ ಉತ್ತರ ತಾನಾಗಿ ಸಿಕ್ಕಿತು. ರಾತ್ರಿ ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲೇ ನಿದ್ದೆ. ಅಕ್ಕನ ಕ್ಯಾಲ್ಸಿಯಂ ಸಿರಪ್ಪು "ಇವನಿಗೂ ಒಳ್ಳೆಯದು" ಎಂದು ದಿನಕ್ಕೆರಡು ಚಮಚ, ಮಲಗುವ ಮುಂಚೆ. ಹಗಲು ಕೈಗೊಂದು ಚೂರು ಹಲಸಿನ ಬೆರಟಿ (ಹಣ್ಣಿನ ತಿರುಳನ್ನು ಗಟ್ಟಿಯಾಗುವವರೆಗೆ ಕಾಯಿಸಿದ್ದು). ಅಂಟಿಕೊಂಡರೆ ಗಂಟೆಗಟ್ಟಲೆ ಬಿಡದ ತಿಂಡಿ. ಹಲ್ಲುಜ್ಜುವುದು ಉಮಿಕರಿಯಲ್ಲಿ (ಭತ್ತದ ಹೊಟ್ಟು ಸುಟ್ಟ ಕರಿ): ಫ್ಲೋರೈಡ್ ಇಲ್ಲ, ಎನಾಮಲ್ ಸವೆಯುತ್ತದೆ. ಅಮ್ಮನ ಬಾಯಲ್ಲೂ ಐದು ಹುಳುಕು, ಚಿಕಿತ್ಸೆಯಿಲ್ಲದೆ. ಅದೇ ಚಮಚದಲ್ಲಿ ರುಚಿ ನೋಡಿ ಮಗುವಿಗೆ ತಿನ್ನಿಸುವಾಗ ಹುಳುಕಿನ ಬ್ಯಾಕ್ಟೀರಿಯಾ ದಾಟುತ್ತದೆ. ಇದೂ ಅಮ್ಮನಿಂದ ಬಂದದ್ದೇ, ಆದರೆ ಜೀನ್ ಮೂಲಕ ಅಲ್ಲ.

ಚಿಕಿತ್ಸೆ ಸರಳ. ದವಡೆಹಲ್ಲುಗಳಿಗೆ ಸ್ಟೀಲ್ ಟೊಪ್ಪಿ. ಮುಂದಿನ ಎರಡು ಹಲ್ಲಿಗೆ 38 ಶೇಕಡ ಸಿಲ್ವರ್ ಡೈಅಮೈನ್ ಫ್ಲೋರೈಡ್ (ಹುಳುಕು ನಿಲ್ಲುತ್ತದೆ, ಜಾಗ ಕಪ್ಪಾಗುತ್ತದೆ, ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು). ಬೇರಿನಲ್ಲಿ ಕೀವಿದ್ದ ಎರಡನ್ನು ಕೀಳಲಾಯಿತು. ಮೂರು ತಿಂಗಳಿಗೊಮ್ಮೆ 5 ಶೇಕಡ ಸೋಡಿಯಂ ಫ್ಲೋರೈಡ್ ವಾರ್ನಿಶ್. ಮನೆಯಲ್ಲಿ 1000 ಪಿಪಿಎಂ ಫ್ಲೋರೈಡ್ ಪೇಸ್ಟ್: ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು, ದೊಡ್ಡವರೇ ಉಜ್ಜಿಸಬೇಕು. ಉಗುಳಿಸಿದರೆ ಸಾಕು, ನೀರು ಹಾಕಿ ಮುಕ್ಕಳಿಸುವುದು ಬೇಡ. ಬಾಟಲಿಯನ್ನು ಒಂದೇ ದಿನ ಕಿತ್ತುಕೊಳ್ಳಲಿಲ್ಲ. ಮೊದಲು ಸಕ್ಕರೆ, ಮತ್ತೆ ಹಾಲು ಕಡಿಮೆ ಮಾಡುತ್ತ ಎರಡು ವಾರದಲ್ಲಿ ಬರೀ ನೀರಿಗೆ ತಂದರು. ಅಮ್ಮನ ಹುಳುಕನ್ನೂ ಅದೇ ತಿಂಗಳು ತುಂಬಿಸಲಾಯಿತು. ವರ್ಷ ಕಳೆದರೂ ಹೊಸ ಹುಳುಕು ಬರಲಿಲ್ಲ. ಜೀನ್‌ಗಳು ಮೊದಲಿನವೇ.

ಈಗಿನ ಸ್ಥಿತಿ

ಅಕ್ಕನಿಗೆ ಏಳೂವರೆ. ನಾಲ್ಕು ಶಾಶ್ವತ ದವಡೆಹಲ್ಲು, ಕೆಳಗಿನ ನಾಲ್ಕು ಬಾಚಿಹಲ್ಲು, ಮೇಲಿನ ಎರಡು ನೆಲೆನಿಂತಿವೆ. ಸಂದುಗಳು 3–4 ಮಿ.ಮೀ., ಒಂದರಲ್ಲಿ ಮಾತ್ರ 5. ಚಿಕಿತ್ಸೆ ಇಲ್ಲದಿದ್ದರೆ ಈ ಕಾಯಿಲೆಯಲ್ಲಿ ಹದಿಮೂರರಿಂದ ಹದಿನಾರರೊಳಗೆ ಶಾಶ್ವತ ಹಲ್ಲೆಲ್ಲ ಉದುರುತ್ತವೆ. ಎಲ್ಲವೂ ಉಳಿಯುತ್ತವೆ ಎಂದು ಪೋಷಕರಿಗೆ ಮಾತು ಕೊಟ್ಟಿಲ್ಲ. ದವಡೆಯ ಬೆಳವಣಿಗೆ ನಿಲ್ಲುವವರೆಗೆ ಎಲುಬನ್ನು ಉಳಿಸಿಕೊಂಡರೆ, ಹಲ್ಲು ಹೋದರೂ ಇಂಪ್ಲಾಂಟ್ (ಎಲುಬಿನೊಳಗೆ ನೆಡುವ ಕೃತಕ ಹಲ್ಲು) ಕೂರಿಸಲು ನೆಲೆ ಇರುತ್ತದೆ ಎಂಬುದು ಈಗಿನ ಲೆಕ್ಕ.

ತಮ್ಮನಿಗೆ ರೋಗವಿಲ್ಲ, ಆದರೆ ಒಂದು ದೋಷಪ್ರತಿ ಹೊತ್ತಿರುವ ಸಾಧ್ಯತೆ ಮೂರರಲ್ಲಿ ಎರಡು. ಅದರಿಂದ ಅವನ ಆರೋಗ್ಯಕ್ಕೆ ತೊಂದರೆಯಿಲ್ಲ. ಪರೀಕ್ಷೆ ಬೇಕೇ ಎಂಬುದನ್ನು ಅವನು ದೊಡ್ಡವನಾದ ಮೇಲೆ ತಾನೇ ನಿರ್ಧರಿಸಬಹುದು. ಇನ್ನೊಂದು ಮಗುವಾದರೆ ಪ್ರತಿ ಬಸಿರಿಗೂ ಅಪಾಯ ನಾಲ್ಕರಲ್ಲಿ ಒಂದು. ಮೊದಲೊಂದು ಮಗುವಿಗೆ ಬಂದಾಯಿತು, ಇನ್ನು ಮೂವರು ಸುರಕ್ಷಿತ ಎಂದು ಎಣಿಸುವಂತಿಲ್ಲ. ದೋಷ ಯಾವುದೆಂದು ಗೊತ್ತಿರುವುದರಿಂದ ಗರ್ಭದ 11ರಿಂದ 13ನೇ ವಾರದಲ್ಲಿ ಪರೀಕ್ಷಿಸಲು ಸಾಧ್ಯ.

ಕೊನೆಯ ಭೇಟಿಯಲ್ಲಿ ಅಜ್ಜಿ, ಕಿರಿಮಗನಿಗೆ ತಮ್ಮ ಅಣ್ಣನ ಇನ್ನೊಬ್ಬ ಮಗಳನ್ನು ತರುವ ಮಾತು ನಡೆದಿದೆ ಎಂದರು. ಇಬ್ಬರಿಗೂ ರಕ್ತಪರೀಕ್ಷೆ ಮಾಡಿಸಲು ಬರೆದುಕೊಡಲಾಗಿದೆ. ಹುಡುಕಬೇಕಾದ ದೋಷ ಇದೇ ಎಂದು ತಿಳಿದಿರುವುದರಿಂದ ಇಡೀ ಜೀನ್ ಓದಿಸುವ ಅಗತ್ಯವಿಲ್ಲ, ಆ ಒಂದು ಜಾಗ ನೋಡಿದರೆ ಸಾಕು. ಮೊದಲ ಪರೀಕ್ಷೆಗಿಂತ ಅಗ್ಗ. ಇಬ್ಬರಲ್ಲಿ ಒಬ್ಬರಿಗೆ ದೋಷ ಇಲ್ಲವೆಂದಾದರೂ ಅವರ ಮಕ್ಕಳಿಗೆ ಈ ಕಾಯಿಲೆ ಬರುವುದಿಲ್ಲ.